ಎಂಜಿನ್ ಎಲ್ಲಿ ಕೂರಿಸೋದು?

"ಮಾಮ, ಎಂಜಿನ್ ಇದೆಯಲ್ಲ, ಮತ್ತೆ ಪೆಡಲ್ ಯಾಕೆ?"

ಅಕ್ಕನ ಮಗ ಕೇಳಿದ ಪ್ರಶ್ನೆ ಇದು. ಅವನಿಗೆ ಹತ್ತು ವರ್ಷ. ನಾವಿಬ್ಬರೂ ಆಗ ನಿಂತಿದ್ದು ಜರ್ಮನಿಯ ನೆಕರ್ಸುಲ್ಮ್ ಊರಿನ ದ್ವಿಚಕ್ರ ಮ್ಯೂಸಿಯಂನಲ್ಲಿ, ಎನ್‌ಎಸ್‌ಯು ಕಂಪನಿಯ ತೀರಾ ಹಳೆಯ ಮೋಟಾರ್‌ಸೈಕಲ್ ಒಂದರ ಮುಂದೆ. ಈ ಮ್ಯೂಸಿಯಂ ಇರುವುದು ಒಂದು ಹಳೆಯ ಕೋಟೆಮನೆಯಲ್ಲಿ. 1956ರಿಂದ ಅಲ್ಲೇ ಇದೆ. ದಪ್ಪ ಕಲ್ಲಿನ ಗೋಡೆ, ಒಳಗೆ ಕಾಲಿಟ್ಟರೆ ತಂಪು, ಎಲ್ಲಿ ನೋಡಿದರೂ ಎರಡು ಚಕ್ರದ ಗಾಡಿಗಳು. ಅಕ್ಕ ಇರುವುದು ಸ್ಟಟ್‌ಗಾರ್ಟ್‌ನಲ್ಲಿ. ಅಲ್ಲಿಂದ ರೈಲು ಹತ್ತಿದರೆ ಬೆಳಗಿನ ಹೊತ್ತಲ್ಲೇ ತಲುಪಬಹುದು.

ನಾನು ಅವನಿಗೆ ಕೊಟ್ಟ ಉತ್ತರ ಇಷ್ಟು. ಇದು ಮೊದಲು ಸೈಕಲ್ಲು, ಆಮೇಲೆ ಮೋಟಾರ್‌ಸೈಕಲ್ಲು. ಎನ್‌ಎಸ್‌ಯು ಶುರುವಾಗಿದ್ದು 1873ರಲ್ಲಿ, ಬಟ್ಟೆ ಹೆಣೆಯುವ ಯಂತ್ರ ಮಾಡುವ ಕಂಪನಿಯಾಗಿ. 1886ರಲ್ಲಿ ಸೈಕಲ್ ಮಾಡಲು ಹಿಡಿದರು. 1901ರಲ್ಲಿ ಅದೇ ಸೈಕಲ್ಲಿನ ಫ್ರೇಮಿಗೆ ಸ್ವಿಟ್ಜರ್ಲೆಂಡಿನ ಜೆಡೆಲ್ ಎಂಜಿನ್ ಕಟ್ಟಿ ಮಾರಿದರು. ಎಂಜಿನ್‌ನ ಶಕ್ತಿ ತೀರಾ ಕಡಿಮೆ. ಏರು ಬಂದರೆ ಕಾಲೂ ಸೇರಬೇಕು. ಶುರು ಮಾಡುವುದಕ್ಕೂ ಪೆಡಲ್ಲೇ ಬೇಕು, ಕೆಟ್ಟು ನಿಂತರೆ ಮನೆ ಸೇರಲೂ ಅದೇ ಗತಿ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಇನ್ನೊಂದು ಕೇಳಿದ. "ಹಾಗಾದ್ರೆ ಎಂಜಿನ್ನು ಇಲ್ಲೇ ಯಾಕೆ ಇಟ್ರು? ಬೇರೆ ಕಡೆ ಇಡಬಹುದಿತ್ತಲ್ವಾ?"

ಮೂರು ವರ್ಷದಿಂದ ಯುರೋಪಿನ ಐದಾರು ಹಳೆ ಬೈಕ್ ಸಂಗ್ರಹಗಳನ್ನು ನೋಡಿದ್ದೇನೆ, ಕೆಲವು ದೊಡ್ಡವು, ಕೆಲವು ಒಂದು ಕೊಟ್ಟಿಗೆಯಷ್ಟೇ ಇರುವಂಥವು. ಎಲ್ಲ ಕಡೆ ಬ್ರ್ಯಾಂಡು, ಇಸವಿ, ಸೀಸಿ (ಅಂದರೆ ಎಂಜಿನ್ನಿನ ಗಾತ್ರ) ಇವುಗಳನ್ನೇ ಓದಿಕೊಂಡು ಹೋಗುತ್ತಿದ್ದೆ. ಅವನ ಈ ಪ್ರಶ್ನೆ ಕೇಳಿದ ಮೇಲೆ ಇಡೀ ವಿಷಯ ನನಗೆ ಬೇರೆ ಥರ ಕಾಣತೊಡಗಿತು. ಇವತ್ತು ನಾವು ಬೈಕ್ ಅಂದ ತಕ್ಷಣ ಎಂಜಿನ್ ಎರಡು ಚಕ್ರದ ನಡುವೆ, ಕಾಲಿನ ಹತ್ತಿರ ಇರುತ್ತದೆ ಅಂದುಕೊಳ್ಳುತ್ತೇವೆ. ಆ ಜಾಗ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಸೈಕಲ್ಲಿನ ಪ್ರತಿಯೊಂದು ಮೂಲೆಯಲ್ಲೂ ಎಂಜಿನ್ ಇಟ್ಟು ನೋಡಿದ್ದಾರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ನೋಡಿದ ಎಲ್ಲ ಕಡೆಯ ನೆನಪು ಸೇರಿಸಿ.

ಮೊದಲು ಮರದ ಗಾಡಿ. ಗಾಟ್ಲೀಬ್ ಡೈಮ್ಲರ್ 1885ರಲ್ಲಿ ಮಾಡಿದ್ದು. ಸ್ಟಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ. ಇದರ ಫ್ರೇಮು, ಚಕ್ರ ಎಲ್ಲ ಮರವೇ. ಎರಡೂ ಬದಿಗೆ ಪುಟ್ಟ ಚಕ್ರಗಳಿವೆ, ಮಕ್ಕಳ ಸೈಕಲ್ಲಿಗೆ ಇರುತ್ತವಲ್ಲ, ಹಾಗೆ. ಎಂಜಿನ್ 264 ಸೀಸಿ, ಶಕ್ತಿ ಅರ್ಧ ಕುದುರೆ (ಅರ್ಧ ಹಾರ್ಸ್‌ಪವರ್), ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್. ಡೈಮ್ಲರ್‌ಗೆ ಬೈಕ್ ಮಾಡುವ ಆಸೆಯೇನೂ ಇರಲಿಲ್ಲ. ತನ್ನ ಪುಟ್ಟ ಎಂಜಿನ್ ಒಂದು ಗಾಡಿಯನ್ನು ಎಳೆಯುತ್ತದಾ ಅಂತ ನೋಡಬೇಕಿತ್ತು, ಅಷ್ಟೇ. ಹಾಗಾಗಿ ಎಂಜಿನ್ನನ್ನು ನೇರವಾಗಿ ಸೀಟಿನ ಕೆಳಗೆ ನಿಲ್ಲಿಸಿದ. ಆ ಕಾಲದಲ್ಲಿ ಸ್ಪಾರ್ಕ್ ಪ್ಲಗ್ಗಿನ ಬದಲು ಒಂದು ಕೊಳವೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದರ ಬಿಸಿಯಿಂದ ಪೆಟ್ರೋಲ್ ಹೊತ್ತಿಸುತ್ತಿದ್ದರು. ಆ ಉರಿ ಇದ್ದದ್ದು ಸೀಟಿನ ಅಡಿಯಲ್ಲೇ. ಅವನ ಮಗ ಪೌಲ್ ಆ ವರ್ಷ ನವೆಂಬರ್‌ನಲ್ಲಿ ಅದನ್ನು ಓಡಿಸಿದಾಗ ಸೀಟಿಗೆ ಬೆಂಕಿ ಹತ್ತಿತು ಎಂದು ಹೇಳುತ್ತಾರೆ. ಅಸಲಿ ಗಾಡಿ ಈಗ ಎಲ್ಲೂ ಇಲ್ಲ. 1903ರಲ್ಲಿ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಮ್ಯೂಸಿಯಂಗಳಲ್ಲಿ ಕಾಣುವುದೆಲ್ಲ ಆಮೇಲೆ ಮಾಡಿದ ಪ್ರತಿಗಳು. ಆದರೂ ಎದುರು ನಿಂತಾಗ ಒಂದು ಕ್ಷಣ ಮಾತು ಬರಲಿಲ್ಲ ನನಗೆ.

ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮ್ಯೂನಿಕ್‌ನ ಹಿಲ್ಡೆಬ್ರಾಂಡ್ ಉಂಡ್ ವೋಲ್ಫ್‌ಮ್ಯೂಲರ್, 1894. ಒಂದೆರಡು ಮಾದರಿ ಮಾಡಿ ಬಿಡದೆ, ಜನರಿಗೆ ಮಾರಲು ಸಾಲಾಗಿ ತಯಾರಿಸಿದ ಮೊದಲ ಮೋಟಾರ್‌ಸೈಕಲ್ ಇದು. ಜರ್ಮನ್ ಭಾಷೆಯ ಮೋಟೊರಾಡ್ ಎಂಬ ಹೆಸರು ಬಂದದ್ದೂ ಇದರಿಂದಲೇ. ಇದರ ಎಂಜಿನ್ ಮಲಗಿದೆ. ಎರಡು ಸಿಲಿಂಡರ್, ಕಾಲಿನ ಪಕ್ಕದಲ್ಲಿ, ತೀರಾ ಕೆಳಗೆ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಚೈನ್ ಇಲ್ಲ, ಬೆಲ್ಟ್ ಇಲ್ಲ, ಗೇರಂತೂ ಇಲ್ಲವೇ ಇಲ್ಲ. ಉಗಿಬಂಡಿಯ ಚಕ್ರಕ್ಕೆ ಉದ್ದನೆಯ ಕಬ್ಬಿಣದ ತೋಳು ಇರುತ್ತದಲ್ಲ, ಹಿಂದೆ ಮುಂದೆ ಆಡುತ್ತಾ ಚಕ್ರ ತಿರುಗಿಸುತ್ತದಲ್ಲ, ಅದೇ ಇಲ್ಲೂ ಇದೆ. ಪಿಸ್ಟನ್ ಒದ್ದರೆ ತೋಳು ನೇರ ಚಕ್ರವನ್ನೇ ತಿರುಗಿಸುತ್ತದೆ. ಪಿಸ್ಟನ್ ವಾಪಸ್ ಬರುವುದಕ್ಕೆ ಸಹಾಯ ಮಾಡಲಿ ಅಂತ ದಪ್ಪ ರಬ್ಬರ್ ಪಟ್ಟಿಗಳನ್ನು ಕಟ್ಟಿದ್ದಾರೆ! ಎಂಜಿನ್ ತಣ್ಣಗಿಡಲು ನೀರು ಬೇಕಲ್ಲ, ಅದು ಹಿಂದಿನ ಮಡ್‌ಗಾರ್ಡಿನ ಒಳಗೆ ತುಂಬಿರುತ್ತದೆ. ಮಡ್‌ಗಾರ್ಡೇ ನೀರಿನ ಟ್ಯಾಂಕು.

ಈ ಗಾಡಿ 1489 ಸೀಸಿ. ಶಕ್ತಿ ಎರಡೂವರೆ ಕುದುರೆ. ಇಷ್ಟು ದೊಡ್ಡ ಎಂಜಿನ್ನಿಗೆ ಇಷ್ಟೇ ಶಕ್ತಿಯಾ ಅಂತ ನಾನು ಫಲಕವನ್ನು ಎರಡು ಸಲ ಓದಿದೆ. ಹೀಗಾಗಿದ್ದು ಯಾಕೆ ಅಂದರೆ, ಗೇರ್ ಇಲ್ಲದೆ ನೇರ ಜೋಡಿಸಿದ ಮೇಲೆ ಎಂಜಿನ್ ಒಂದು ಸುತ್ತು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಅಂದರೆ ಎಂಜಿನ್ ನಿಧಾನವಾಗಿಯೇ ತಿರುಗಬೇಕು. ನಿಧಾನವಾಗಿ ತಿರುಗುವ ಎಂಜಿನ್ನಿನಿಂದ ಶಕ್ತಿ ಬೇಕಿದ್ದರೆ ಅದನ್ನು ದೊಡ್ಡದು ಮಾಡದೆ ಬೇರೆ ದಾರಿ ಇರಲಿಲ್ಲ. ಶುರು ಮಾಡಲು ಗಾಡಿ ತಳ್ಳಿಕೊಂಡು ಓಡಬೇಕು, ಎಂಜಿನ್ ಹೊತ್ತಿಕೊಂಡ ತಕ್ಷಣ ಹಾರಿ ಕೂರಬೇಕು. ಕೆಲವೇ ವರ್ಷದಲ್ಲಿ ಕಂಪನಿ ಮುಚ್ಚಿಹೋಯಿತು. ನನಗೆ ಇವರ ಮೇಲೆ ತುಂಬಾ ಗೌರವ. ಮುಂದೆ ನಡೆದ ದಾರಿ ಇದಲ್ಲ, ನಿಜ. ಆದರೆ ಗೊತ್ತಿದ್ದ ವಿದ್ಯೆಯನ್ನೆಲ್ಲ, ಅಂದರೆ ಉಗಿ ಎಂಜಿನ್ ವಿದ್ಯೆಯನ್ನ, ಗೊತ್ತಿಲ್ಲದ ಒಂದು ಕೆಲಸಕ್ಕೆ ಧೈರ್ಯವಾಗಿ ಹಚ್ಚಿದ್ದು ಆ ತೋಳನ್ನು ನೋಡಿದರೆ ಕಣ್ಣಿಗೇ ಕಾಣುತ್ತದೆ.

ಆಮೇಲೆ ಪ್ಯಾರಿಸ್‌ನ ವೆರ್ನರ್ ಅಣ್ಣತಮ್ಮಂದಿರು. 1897ರಲ್ಲಿ ಅವರು ಎಂಜಿನ್ನನ್ನು ಹ್ಯಾಂಡಲ್ ಮುಂದೆ, ಮುಂದಿನ ಚಕ್ರದ ಮೇಲೆ ಕೂರಿಸಿದರು. ಚರ್ಮದ ಬೆಲ್ಟಿನಿಂದ ಮುಂದಿನ ಚಕ್ರವೇ ಎಳೆಯುತ್ತದೆ. ಚೆನ್ನಾಗಿ ಮಾರಾಟವೂ ಆಯಿತು. ಆದರೆ ಭಾರವೆಲ್ಲ ಮೇಲೆ, ಅದೂ ಮುಂದೆ. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿದರೆ ಹಿಡಿತ ಸಿಗುವುದಿಲ್ಲ. ಬಿದ್ದರೆ ಆ ಬಿಸಿ ಕೊಳವೆಯ ಉರಿ ಇನ್ನೊಂದು ಅಪಾಯ. 1901ರಲ್ಲಿ ಅವರೇ ಎಂಜಿನ್ ಕೆಳಗಿಳಿಸಿದರು. ಸೈಕಲ್ಲಿನಲ್ಲಿ ಪೆಡಲ್ ಇರುತ್ತದಲ್ಲ, ಅಲ್ಲೇ ಫ್ರೇಮಿನ ಕೊಳವೆಯನ್ನು ಬಿಡಿಸಿ, ಎಂಜಿನ್ನನ್ನೇ ಫ್ರೇಮಿನ ಭಾಗ ಮಾಡಿ ಕೂರಿಸಿದರು. ಇವತ್ತಿಗೂ ಎಂಜಿನ್ ಇರುವುದು ಹೆಚ್ಚುಕಡಿಮೆ ಅಲ್ಲೇ. ನಾಲ್ಕೇ ವರ್ಷದಲ್ಲಿ ತಪ್ಪು ಜಾಗದಿಂದ ಸರಿ ಜಾಗಕ್ಕೆ ಬಂದರು, ಅದೂ ತಾವೇ.

ಇಲ್ಲಿ ಒಂದು ಮಾತು, ವಿಷಯ ಸ್ವಲ್ಪ ಬೇರೆ. ಇಷ್ಟು ಹಳೆಯ ಗಾಡಿಗಳನ್ನು ನೋಡುವಾಗ ಹೊಳಪಿನ ಬಣ್ಣ ನೋಡಿ. 1920ರ ದಶಕದ ಕೊನೆಯವರೆಗೆ ಕ್ರೋಮ್ ಲೇಪ ಬಳಕೆಗೆ ಬಂದಿರಲಿಲ್ಲ, ನಿಕ್ಕಲ್ ಲೇಪ ಇತ್ತು. ನಿಕ್ಕಲ್ ಸ್ವಲ್ಪ ಹಳದಿ ಕಡೆಗೆ ತಿರುಗಿದ ಮೆತ್ತನೆಯ ಹೊಳಪು, ಕ್ರೋಮ್ ನೀಲಿ ಛಾಯೆಯ ಕನ್ನಡಿ. 1910ರ ಬೈಕ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಯಾರೋ ಆಮೇಲೆ ಕ್ರೋಮ್ ಹಾಕಿಸಿದ್ದಾರೆ ಅಂತ ಅರ್ಥ. ನನಗೆ ತುಕ್ಕು ಹಿಡಿದ, ಬಣ್ಣ ಸವೆದ, ಸೀಟಿನ ಚರ್ಮ ಬಿರುಕು ಬಿಟ್ಟ ಗಾಡಿಗಳೇ ಇಷ್ಟ. ಪೂರ್ತಿ ಹೊಸದು ಮಾಡಿಟ್ಟರೆ ಓಡಿಸಿದವನ ಗುರುತೇ ಅಳಿಸಿಹೋಗುತ್ತದೆ. ಒಂದು ಕಡೆ ನೋಡಿದ ಬೈಕ್‌ನಲ್ಲಿ ಟ್ಯಾಂಕಿನ ಪಕ್ಕದ ಎಣ್ಣೆ ಪಂಪಿನ ಗುಂಡಿ ಒಂದೇ ಬದಿಗೆ ಸವೆದಿತ್ತು. ಆಗ ಎಂಜಿನ್ನಿಗೆ ಎಣ್ಣೆ ತಾನಾಗಿ ಹೋಗುತ್ತಿರಲಿಲ್ಲ. ಓಡಿಸುವವನೇ ಆಗಾಗ ಕೈಯಿಂದ ಒತ್ತಬೇಕು. ಆ ಎಣ್ಣೆ ಸುಟ್ಟು, ಸೋರಿ ಮುಗಿಯುತ್ತದೆ, ಮತ್ತೆ ಒತ್ತಬೇಕು. ಕೈ ಬಿಟ್ಟು ಒತ್ತುವಾಗ ಒಂದೇ ಕೈಯಲ್ಲಿ ಹ್ಯಾಂಡಲ್. ಆ ಸವೆದ ಗುಂಡಿ ನೋಡಿದಾಗ ಅದನ್ನು ಓಡಿಸಿದವನ ಹೆಬ್ಬೆರಳೇ ಕಂಡ ಹಾಗಾಯಿತು.

ಸರಿ, ವಾಪಸ್ ಎಂಜಿನ್ ಜಾಗಕ್ಕೆ.

ವೆರ್ನರ್ ಉತ್ತರ ಕಂಡುಹಿಡಿದ ಮೇಲೂ ಹುಡುಕಾಟ ನಿಲ್ಲಲಿಲ್ಲ. ಮತ್ತೆ ಮ್ಯೂನಿಕ್. 1921ರಲ್ಲಿ ಮೆಗೋಲಾ ಬಂತು. ಹುಡುಗ ಇದರ ಚಿತ್ರ ನೋಡಿ "ಇದು ಸುಳ್ಳು" ಅಂದ. ಅವನ ತಪ್ಪಲ್ಲ. ಐದು ಸಿಲಿಂಡರ್ ಎಂಜಿನ್ ಮುಂದಿನ ಚಕ್ರದ ಒಳಗೇ ಇದೆ, ನಕ್ಷತ್ರದ ಹಾಗೆ. 640 ಸೀಸಿ. ಚಕ್ರ ತಿರುಗಿದರೆ ಸಿಲಿಂಡರ್‌ಗಳೂ ಅದರ ಜೊತೆ ತಿರುಗುತ್ತವೆ, ಮೊದಲ ಮಹಾಯುದ್ಧದ ಕೆಲವು ವಿಮಾನಗಳ ಎಂಜಿನ್ ಇದ್ದ ಹಾಗೆ. ಕ್ಲಚ್ ಇಲ್ಲ. ಗೇರ್ ಇಲ್ಲ. ಅಂದರೆ ಗಾಡಿ ನಿಂತರೆ ಎಂಜಿನ್ನೂ ನಿಲ್ಲಲೇಬೇಕು. ಪೇಟೆಯಲ್ಲಿ ದಾರಿ ಸಿಗದಿದ್ದರೆ ಒಂದೋ ಎಂಜಿನ್ ಆರಿಸಬೇಕು, ಇಲ್ಲ ಅಲ್ಲೇ ಸಣ್ಣದಾಗಿ ಸುತ್ತು ಹೊಡೆಯುತ್ತಿರಬೇಕು. ಶುರು ಮಾಡಲು ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಕೈಯಿಂದ ತಿರುಗಿಸಬೇಕು. ಟೈರ್ ಪಂಕ್ಚರ್ ಆದರೆ ಎಂಜಿನ್ ಸಮೇತ ಚಕ್ರ ಬಿಚ್ಚುವುದು ಹೇಗೆ? ಅದಕ್ಕೆಂದೇ ಟ್ಯೂಬನ್ನು ಪೂರ್ತಿ ಬಳೆಯಂತೆ ಮಾಡದೆ ಎರಡು ತುದಿ ಇರುವ ಹಾಗೆ ಮಾಡಿದ್ದರು, ಚಕ್ರ ಬಿಚ್ಚದೆಯೇ ಎಳೆದು ತೆಗೆಯಬಹುದು. ಸುಮಾರು 2000 ಗಾಡಿ ಮಾಡಿ 1925ರಲ್ಲಿ ನಿಲ್ಲಿಸಿದರು. ರೇಸಿನಲ್ಲೂ ಗೆದ್ದಿದೆ ಇದು. ಎದುರು ನಿಂತು ನೋಡಿದರೆ ಎಂಜಿನ್ ಇರಬೇಕಾದ ಜಾಗ ಖಾಲಿ ಇರುತ್ತದೆ, ಸೋಫಾದಂಥ ಸೀಟು, ಕಾಲಿಗೆ ಬೇಕಾದಷ್ಟು ಜಾಗ, ಆರಾಮವಾಗಿ ಕೂತು ಹೋಗಬಹುದು ಅನಿಸುತ್ತದೆ. ನನ್ನ ಪ್ರಕಾರ ಇಡೀ ಯುರೋಪಿನ ಹಳೆ ಬೈಕ್‌ಗಳಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಬಿಎಂಡಬ್ಲ್ಯು ಮೊದಲ ಬೈಕ್ ಬಂದದ್ದೂ ಅದೇ ಊರಲ್ಲಿ, ಅದೇ ಕಾಲಕ್ಕೆ, 1923ರಲ್ಲಿ. ಎರಡು ಸಿಲಿಂಡರ್ ಎರಡು ಕಡೆಗೆ ಕೈ ಚಾಚಿದ ಹಾಗೆ. ಆ ಬೈಕ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ. ರೇಸ್ ಗಾಡಿಗಳನ್ನೂ ಬಿಡುತ್ತೇನೆ. ಹುಡುಗನಿಗೆ ಮಾತ್ರ 1956ರಲ್ಲಿ ಅಮೆರಿಕದ ಬೋನ್‌ವಿಲ್ ಉಪ್ಪಿನ ಬಯಲಲ್ಲಿ ವಿಲ್ಹೆಲ್ಮ್ ಹೆರ್ಟ್ಸ್ ಎನ್‌ಎಸ್‌ಯು ಬೈಕನ್ನು ಗಂಟೆಗೆ 339 ಕಿಲೋಮೀಟರ್ ಓಡಿಸಿದ ಕಥೆಯೇ ದೊಡ್ಡದಾಗಿ ಕಂಡಿತು, ಮನೆಗೆ ಬಂದು ಅಮ್ಮನಿಗೆ ಮೊದಲು ಹೇಳಿದ್ದೂ ಅದನ್ನೇ.

ನನ್ನ ಮನಸ್ಸು ನಿಂತಿದ್ದು ಮೂಲೆಯ ಸಾಲಿನಲ್ಲಿ. ಪ್ರತಿ ಮ್ಯೂಸಿಯಂನಲ್ಲೂ ಈ ಸಾಲು ಇರುತ್ತದೆ. ಜನ ಅಲ್ಲಿ ಜಾಸ್ತಿ ನಿಲ್ಲುವುದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ, ಸೈಕಲ್ಲಿಗೆ ಎಂಜಿನ್ ಕಟ್ಟಿದ ಗಾಡಿಗಳು. ಆ ಹೊತ್ತಿಗೆ ಯುರೋಪಿನ ಪರಿಸ್ಥಿತಿ ಯೋಚಿಸಿ. ಕಾರ್ಖಾನೆಗಳು ಬಾಂಬಿಗೆ ಬಿದ್ದಿವೆ, ಕಾರು ಕೊಳ್ಳುವ ಮಾತೇ ಇಲ್ಲ, ಬ್ರಿಟನ್ನಿನಲ್ಲಿ 1950ರವರೆಗೂ ಪೆಟ್ರೋಲಿಗೆ ರೇಶನ್, ಆದರೆ ಜನ ಕೆಲಸಕ್ಕೆ ಹೋಗಲೇಬೇಕು ಮತ್ತು ಮನೆಯಲ್ಲಿ ಒಂದು ಸೈಕಲ್ ಇದ್ದೇ ಇದೆ. ಆ ಸೈಕಲ್ಲಿಗೇ ಒಂದು ಪುಟ್ಟ ಎಂಜಿನ್ ಸಿಕ್ಕಿಸಿದರೆ? ಐವತ್ತು ವರ್ಷದ ಹಿಂದಿನ ಪ್ರಶ್ನೆ ಮತ್ತೆ ಬಂತು. ಎಲ್ಲಿ ಕೂರಿಸೋದು?

ಫ್ರಾನ್ಸ್‌ನ ವೆಲೊಸೊಲೆಕ್ಸ್ ಹೇಳಿದ್ದು, ಮುಂದಿನ ಚಕ್ರದ ಮೇಲೆ. ವೆರ್ನರ್ ಬಿಟ್ಟ ಜಾಗದಲ್ಲೇ! ಆದರೆ ಈ ಎಂಜಿನ್ ತುಂಬಾ ಹಗುರ, ವೇಗ ಕಡಿಮೆ. ಮೊದಲು 45 ಸೀಸಿ, ಆಮೇಲೆ 49. ಚೈನಿಲ್ಲ, ಬೆಲ್ಟಿಲ್ಲ. ಎಂಜಿನ್ನಿನ ಒಂದು ಪುಟ್ಟ ರೋಲರ್ ನೇರ ಟೈರಿನ ಮೇಲೆ ಉಜ್ಜಿಕೊಂಡು ತಿರುಗಿಸುತ್ತದೆ. ಒಂದು ಸನ್ನೆ (ಲಿವರ್) ಎಳೆದರೆ ಎಂಜಿನ್ ಟೈರಿನಿಂದ ಮೇಲೇಳುತ್ತದೆ, ಆಗ ಅದು ಬರೀ ಸೈಕಲ್ಲು. 1946ರಿಂದ 1988ರವರೆಗೆ 70 ಲಕ್ಷಕ್ಕೂ ಮೇಲೆ ಮಾಡಿದ್ದಾರೆ. "ತಾನಾಗಿಯೇ ಓಡುವ ಸೈಕಲ್" ಅಂತ ಜಾಹೀರಾತು ಕೊಡುತ್ತಿದ್ದರು.

ಇದನ್ನು ನಾನು ಓಡಿಸಿದ್ದೇನೆ. ಅಲ್ಸಾಸ್ ಕಡೆಯ ಒಂದು ಪುಟ್ಟ ಸಂಗ್ರಹದಲ್ಲಿ, ಅದನ್ನು ನೋಡಿಕೊಳ್ಳುವ ಹಿರಿಯರೊಬ್ಬರು, ಎಂಬತ್ತರ ಹತ್ತಿರದವರು, ನಾನು ಸೊಲೆಕ್ಸ್ ಮುಂದೆ ತುಂಬಾ ಹೊತ್ತು ನಿಂತಿದ್ದು ನೋಡಿ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇನ್ನೊಂದು ಇತ್ತು, ಓಡುವಂಥದ್ದು. ಮೊದಲು ಸುಮ್ನೆ ಪೆಡಲ್ ಹೊಡಿ, ಆಮೇಲೆ ಸನ್ನೆ ತಳ್ಳು ಅಂದರು. ಪೆಡಲ್ ಹೊಡೆದೆ. ಸನ್ನೆ ತಳ್ಳಿದೆ. ರೋಲರ್ ಟೈರಿಗೆ ತಾಗಿದ ತಕ್ಷಣ ಸೈಕಲ್ ಒಮ್ಮೆ ತಡವರಿಸಿತು, ಯಾರೋ ಹಿಂದಿನಿಂದ ಹಿಡಿದ ಹಾಗೆ. ಮರುಕ್ಷಣ ಟುರ್ರ್ ಅಂತ ಸದ್ದು, ಮತ್ತು ಕಾಲಿನ ಕೆಳಗೆ ಭಾರವೇ ಇಲ್ಲ. ಮುಂದಿನಿಂದ ಎಳೆದುಕೊಂಡು ಹೋಗುತ್ತದೆ ಅದು, ಹಗ್ಗ ಕಟ್ಟಿ ಎಳೆದ ಹಾಗೆ. ಹ್ಯಾಂಡಲ್ ಭಾರ, ತಿರುವಿನಲ್ಲಿ ಎಂಜಿನ್ನಿನ ತೂಕ ಕೈಗೆ ಗೊತ್ತಾಗುತ್ತದೆ. ಅಂಗಳದ ಸುತ್ತ ನಾಲ್ಕು ಸುತ್ತು ಹಾಕಿದೆ. ಇಳಿಯಲು ಮನಸ್ಸೇ ಬರಲಿಲ್ಲ. ಮಳೆ ಬಂದರೆ ರೋಲರ್ ಜಾರುತ್ತದೆ, ಆಗ ನಾವೆಲ್ಲ ಪೆಡಲ್ಲೇ ಹೊಡೆಯುತ್ತಿದ್ದೆವು ಅಂತ ಅವರು ಹೇಳಿದರು. ಕಾಲೇಜಿಗೆ ಹೋಗುವಾಗ ಅವರ ಹತ್ತಿರ ಇದ್ದದ್ದೂ ಇದೇ.

ಬ್ರಿಟನ್ನಿನ ಸೈಕಲ್‌ಮಾಸ್ಟರ್ ಇನ್ನೊಂದು ಉಪಾಯ ಮಾಡಿತು. 1950ರಲ್ಲಿ. ನಿಮ್ಮ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಅವರು ಕೊಡುವ ಚಕ್ರ ಹಾಕಿಕೊಳ್ಳಿ, ಅಷ್ಟೇ. ಎಂಜಿನ್, ಟ್ಯಾಂಕು, ಕ್ಲಚ್ಚು ಎಲ್ಲ ಆ ಚಕ್ರದ ನಡುವಿನ ಡಬ್ಬದೊಳಗೇ ಇದೆ. ಬರೀ 25.7 ಸೀಸಿ, ಆಮೇಲೆ 32. ಮೆಗೋಲಾ ಮಾಡಿದ್ದನ್ನೇ ಇವರು ಬಡವರಿಗೆ ಕೈಗೆಟಕುವ ಹಾಗೆ, ಹಿಂದಿನ ಚಕ್ರದಲ್ಲಿ ಮಾಡಿದರು ಅನ್ನಬಹುದು. ಇಟಲಿಯ ಗರೆಲ್ಲಿ ಕಂಪನಿಯ ಮೊಸ್ಕಿಟೊ, ಅಂದರೆ ಸೊಳ್ಳೆ, 38 ಸೀಸಿ, ಪೆಡಲಿನ ಕೆಳಗೆ ನೇತಾಡುತ್ತದೆ, ರೋಲರ್ ಹಿಂದಿನ ಟೈರಿಗೆ. ಜರ್ಮನಿಯ ಲೋಮಾನ್ ಇವೆಲ್ಲಕ್ಕಿಂತ ಚಿಕ್ಕದು, 18 ಸೀಸಿ. ಒಂದು ದೊಡ್ಡ ಚಮಚದಷ್ಟು ಜಾಗ ಅಂದುಕೊಳ್ಳಿ. ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಡೀಸೆಲ್ ಎಂಜಿನ್ನಿನ ಹಾಗೆ ಒತ್ತಡದಿಂದಲೇ ಹೊತ್ತಿಕೊಳ್ಳುತ್ತದೆ, ಒತ್ತಡ ಎಷ್ಟಿರಬೇಕು ಅಂತ ಓಡಿಸುವವನೇ ಹ್ಯಾಂಡಲ್ಲಿನ ಹಿಡಿ ತಿರುಗಿಸಿ ಹೊಂದಿಸಿಕೊಳ್ಳಬೇಕು. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟೊಂದು ಬುದ್ಧಿ ತುಂಬಿದ್ದಾರಲ್ಲ ಅಂತ ಆಶ್ಚರ್ಯವಾಗುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿ ಕುಚ್ಚೊಲೊ ಮೇಲೆ. ಇಟಾಲಿಯನ್ ಭಾಷೆಯಲ್ಲಿ ಕುಚ್ಚೊಲೊ ಅಂದರೆ ನಾಯಿಮರಿ. ಟುರಿನ್‌ನಲ್ಲಿ ಆಲ್ಡೊ ಫರಿನೆಲ್ಲಿ ಯುದ್ಧದ ಸಮಯದಲ್ಲೇ ಯೋಚಿಸಿ ಮಾಡಿದ ಎಂಜಿನ್. ಎಕ್ಸಾಸ್ಟ್ ಸದ್ದು ನಾಯಿಮರಿ ಬೊಗಳಿದ ಹಾಗಿತ್ತು, ಅದಕ್ಕೇ ಆ ಹೆಸರು. ಆಗ ಡುಕಾಟಿ ಬೈಕ್ ಕಂಪನಿಯಾಗಿರಲಿಲ್ಲ, ರೇಡಿಯೊ ಬಿಡಿಭಾಗ ಮಾಡುತ್ತಿತ್ತು. ಬೊಲೋನ್ಯಾದ ಅವರ ಕಾರ್ಖಾನೆ 1944ರಲ್ಲಿ ಬಾಂಬಿಗೆ ಬಿತ್ತು. ಯುದ್ಧ ಮುಗಿದ ಮೇಲೆ ಮತ್ತೆ ಎದ್ದು ನಿಲ್ಲಲು ಅವರು ಕೈಗೆತ್ತಿಕೊಂಡದ್ದು ಈ 48 ಸೀಸಿ ನಾಯಿಮರಿಯನ್ನ. ಬೇರೆಯವರೆಲ್ಲ ಹೊಗೆ ಉಗುಳುವ ಟೂ ಸ್ಟ್ರೋಕ್ ಮಾಡುತ್ತಿದ್ದಾಗ ಇದು ಫೋರ್ ಸ್ಟ್ರೋಕ್, ಎರಡು ಗೇರ್ ಬೇರೆ. ಕೂತಿರುವ ಜಾಗ? ಪೆಡಲ್ ಹತ್ತಿರ. ಟೈರಿಗೆ ಉಜ್ಜುವ ರೋಲರ್ ಇಲ್ಲ, ಸೈಕಲ್ಲಿನ ಚೈನನ್ನೇ ಎಂಜಿನ್ ತಿರುಗಿಸುತ್ತದೆ, ಹಾಗಾಗಿ ಮಳೆಯಲ್ಲೂ ಜಾರುವ ಭಯ ಇಲ್ಲ. ಇವತ್ತು ಡುಕಾಟಿ ಅಂದರೆ ಕೆಂಪು ಬಣ್ಣದ ರೇಸ್ ಬೈಕ್. ಆ ಕಂಪನಿಯ ಬೈಕಿನ ಕಥೆಯೆಲ್ಲ ಶುರುವಾದದ್ದು ಈ ಮರಿಯಿಂದ.

ಈ ಎಲ್ಲ ಕಟ್ಟು ಎಂಜಿನ್‌ಗಳ ಕಾಲ ಮುಗಿಸಿದ್ದು ಮೊಪೆಡ್. ಮೋಟಾರ್, ಪೆಡಲ್ ಎರಡೂ ಸೇರಿಸಿ ಆ ಹೆಸರು, 1952ರ ಸುಮಾರಿಗೆ ಸ್ವೀಡನ್‌ನಲ್ಲಿ ಹುಟ್ಟಿತು. ಮರುವರ್ಷ ನೆಕರ್ಸುಲ್ಮ್‌ನಿಂದ ಎನ್‌ಎಸ್‌ಯು ಕ್ವಿಕ್ಲಿ ಬಂತು. ಸೈಕಲ್ಲಿಗೆ ಎಂಜಿನ್ ಕಟ್ಟುವ ಬದಲು ಎಂಜಿನ್ನಿಗೆ ಬೇಕಾದ ಹಾಗೆ ತಗಡು ಒತ್ತಿ ಫ್ರೇಮ್ ಮಾಡಿದರು. 49 ಸೀಸಿಯಿಂದ 1.4 ಕುದುರೆ ಶಕ್ತಿ. ಹಿಲ್ಡೆಬ್ರಾಂಡ್ ಗಾಡಿಯ 1489 ಸೀಸಿ ನೆನಪಿದೆಯಲ್ಲ, ಅದರ ಅರ್ಧಕ್ಕಿಂತ ಜಾಸ್ತಿ ಶಕ್ತಿ ಮೂವತ್ತನೇ ಒಂದು ಭಾಗದ ಎಂಜಿನ್ನಿಂದ! ಹುಡುಗನಿಗೆ ಈ ಲೆಕ್ಕ ಹೇಳಿದೆ, ಅವನು ಫೋನಿನಲ್ಲಿ ಭಾಗಿಸಿ ನೋಡಿ ಒಪ್ಪಿಕೊಂಡ. 10 ಲಕ್ಷಕ್ಕೂ ಹೆಚ್ಚು ಕ್ವಿಕ್ಲಿ ಮಾರಾಟವಾದವು. "ಇನ್ನು ನಡೆಯಬೇಡಿ, ಕ್ವಿಕ್ಲಿ ಕೊಳ್ಳಿ" ಅನ್ನುವುದು ಅವರ ಘೋಷಣೆ, ಜರ್ಮನ್‌ನಲ್ಲಿ ಪ್ರಾಸ ಕೂಡ ಇದೆ ಅದಕ್ಕೆ. ಪೆಡಲ್ ಮಾತ್ರ ಆಗಲೂ ಇತ್ತು. ನಾವು ನೋಡಿದ ಒಂದು ಕ್ವಿಕ್ಲಿಯ ಪೆಡಲ್ ರಬ್ಬರ್ ಎಡಗಡೆಯದು ಪೂರ್ತಿ ಸವೆದು ಹೋಗಿತ್ತು, ಬಲಗಡೆಯದು ಹೊಸದರಂತೆ ಇತ್ತು. ಯಾಕಿರಬಹುದು ಅಂತ ಇಬ್ಬರೂ ಬಗ್ಗಿ ತುಂಬಾ ಹೊತ್ತು ಮಾತಾಡಿದೆವು.

ಮ್ಯೂಸಿಯಂಗಳಲ್ಲಿ ನನಗೆ ಇರುವ ಒಂದೇ ಬೇಸರ ಅಂದರೆ ಸದ್ದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಎಣ್ಣೆ ತೆಗೆದು ನಿಲ್ಲಿಸಿರುತ್ತಾರೆ, ಹಾಗೆ ಮಾಡದೆ ಬೇರೆ ದಾರಿಯೂ ಇಲ್ಲ. 2003ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ರಾಷ್ಟ್ರೀಯ ಮೋಟಾರ್‌ಸೈಕಲ್ ಮ್ಯೂಸಿಯಂಗೆ ಬೆಂಕಿ ಬಿದ್ದು ನೂರಾರು ಹಳೆ ಬೈಕ್‌ಗಳು ಸುಟ್ಟುಹೋದವು. ಆಮೇಲೆ ಅವುಗಳಲ್ಲಿ ಎಷ್ಟನ್ನೋ ಮತ್ತೆ ಕಟ್ಟಿ ನಿಲ್ಲಿಸಿದರು. ಅದನ್ನು ಓದಿದ ಮೇಲೆ ಖಾಲಿ ಟ್ಯಾಂಕಿನ ಬಗ್ಗೆ ನಾನು ದೂರುವುದಿಲ್ಲ. ಆದರೂ ಸೊಲೆಕ್ಸ್ ಒಂದನ್ನು ಬಿಟ್ಟರೆ ಇಲ್ಲಿ ಬರೆದ ಯಾವ ಗಾಡಿಯ ಸದ್ದನ್ನೂ ನಾನು ಹತ್ತಿರದಿಂದ ಕೇಳಿಲ್ಲ. ಕುಚ್ಚೊಲೊ ಎದುರು ನಿಂತು ಆ ಪುಟ್ಟ ಎಕ್ಸಾಸ್ಟ್ ಕೊಳವೆಯನ್ನೇ ನೋಡಿದ್ದೇನೆ. ಮುಂದಿನ ವಸಂತದಲ್ಲಿ ಬೊಲೋನ್ಯಾಕ್ಕೆ ಹೋಗುವ ಯೋಚನೆ ಇದೆ, ಹುಡುಗನೂ ಬರುತ್ತಾನಂತೆ. ಅಲ್ಲಿ ಓಡುವ ಸ್ಥಿತಿಯಲ್ಲಿರುವ ಕುಚ್ಚೊಲೊ ಯಾರ ಬಳಿಯಾದರೂ ಇರುವುದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಓಡಿಸಲು ಕೊಡಬೇಕಾಗಿಲ್ಲ, ಒಂದು ಸಲ ಶುರು ಮಾಡಿ ಕೇಳಿಸಿದರೆ ಸಾಕು.